ಒಂದು ಕಾಲಿನ ಚಪ್ಪಲಿ

ಸೋಪು ತಯಾರಾಗುವ ಜಾಗ ಘಮಘಮ ಅನ್ನುತ್ತಿರುತ್ತದೆ ಎಂದು ನಂಬಿಕೊಂಡಿರುವ ಪುಣ್ಯಾತ್ಮರು ಒಂದು ಸಲ ಆ ಕಾರ್ಖಾನೆಯ ಹಿಂಬಾಗಿಲಿನಿಂದ ಒಳಗೆ ಹೋಗಿ ಬರಬೇಕು. ಬಂದ ಮೇಲೆ ಊಟ ಸೇರಿದರೆ ನನ್ನನ್ನು ಕೇಳಿ. ದೀಪದ ಬುಡದಲ್ಲೇ ಕತ್ತಲೆ ಎಂಬ ಮಾತನ್ನು ಯಾರು ಮೊದಲು ಆಡಿದರೋ, ಅವರು ಖಂಡಿತ ಸೋಪಿನ ಕಾರ್ಖಾನೆ ನೋಡಿದ್ದಿರಬೇಕು. ಊರವರ ಮೈಕೊಳೆ ತೊಳೆಯುವ ಸೋಪು ಅಲ್ಲಿ ಹುಟ್ಟುತ್ತಿದ್ದದ್ದು ಹಳಸಿದ ಕೊಬ್ಬಿನ ಪೀಪಾಯಿಗಳ ನಡುವೆ. ನೆಲದ ಮೇಲೆ ಜಿಡ್ಡು, ಜಿಡ್ಡಿನ ಮೇಲೆ ನೀರು, ನೀರಿನ ಮೇಲೆ ಇನ್ನಷ್ಟು ಜಿಡ್ಡು. ಗೋಡೆ ಮುಟ್ಟಿದರೆ ಕೈ ಅಂಟಿಕೊಳ್ಳುತ್ತಿತ್ತು, ಬಾಗಿಲ ಹಿಡಿ ಮುಟ್ಟಿದರೆ ಕೈ ಜಾರುತ್ತಿತ್ತು. ಮುಂಬಾಗಿಲಿನ ಕೋಣೆಯಲ್ಲಿ ಮಾತ್ರ ಗುಲಾಬಿ ಬಣ್ಣದ ಕಾಗದ ಸುತ್ತಿದ ಸೋಪುಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟಿದ್ದರು. ಬಂದವರು ಅದನ್ನೇ ಮೂಸಿ, ಆಹಾ ಎಂದು ಹೊರಟುಹೋಗುತ್ತಿದ್ದರು.

ಈ ಹೊಲಸಿನ ನಡುವೆ ಸ್ವಚ್ಛತೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದವಳು ಇಸ್ಸೀ ಅಕ್ಕ. ಅವಳಿಗೆ ಬೇರೆ ಹೆಸರೂ ಇತ್ತು, ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಏನು ಕಂಡರೂ ಮೊದಲು ‘ಇಸ್ಸೀ’ ಎಂದು ಮುಖ ಹಿಂಡಿ, ಆಮೇಲೆ ಪೊರಕೆ ಎತ್ತುವುದು ಅವಳ ಕ್ರಮ. ಕುತ್ತಿಗೆಯಲ್ಲಿ ಸದಾ ಒಂದು ಬಿಳಿ ಬಟ್ಟೆ. ನಾತ ಬಂದ ಕಡೆ ಅದು ಮೂಗಿಗೆ ಏರುತ್ತಿತ್ತು. ಆ ಬಟ್ಟೆಯಲ್ಲಿ ಕೈ ಒರೆಸಿಕೊಂಡವರಿಲ್ಲ, ಅವಳೂ ಒರೆಸಿಕೊಂಡವಳಲ್ಲ. ದಿನಾ ಸಂಜೆ ಮನೆಗೆ ಹೋಗಿ ಅದನ್ನು ಕುದಿನೀರಲ್ಲಿ ಅದ್ದಿ, ಹಿಂಡಿ, ಬೇರೆ ಯಾವ ಬಟ್ಟೆಯೂ ತಾಗದ ಹಾಗೆ ಪ್ರತ್ಯೇಕ ಹಗ್ಗಕ್ಕೆ ಹರವುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ದುಡಿದು ಮಗಳನ್ನು ಸಾಕಿದವಳು. ಎರಡು ಕೋಣೆಯ ಮನೆ, ನೆಲದಲ್ಲಿ ಮುಖ ಕಾಣುವ ಹಾಗೆ ಒರೆಸಿಟ್ಟುಕೊಂಡಿದ್ದಳು. ಹೊರಗೆ ಹೊರಟರೆ ಬಾಗಿಲಿಗೆ ಒಂದು ದಪ್ಪ ಹಿತ್ತಾಳೆ ಬೀಗ. ಹಾಕಿದ ಮೇಲೆ ಜಗ್ಗಿ ನೋಡಿ, ಬೀದಿಯ ಕೊನೆವರೆಗೆ ಹೋಗಿ, ವಾಪಸು ಬಂದು ಮತ್ತೆ ಜಗ್ಗುತ್ತಿದ್ದಳು. ಕಳ್ಳರು ಬರುತ್ತಾರೆಂಬ ಹೆದರಿಕೆ ಅಲ್ಲ, ಕದಿಯಲು ಅಲ್ಲೇನೂ ಇರಲಿಲ್ಲ. ಯಾರಾದರೂ ಕೊಳಕು ಕಾಲಲ್ಲಿ ಒಳಗೆ ಬಂದುಬಿಟ್ಟರೆ ಎಂಬ ದಿಗಿಲು.

ಅಂಥವಳಿಗೆ ಸಿಕ್ಕ ಅಳಿಯ ನೋಡಿ. ಅದೇ ಕಾರ್ಖಾನೆಯ ಎಲೆಕ್ಟ್ರಿಷಿಯನ್. ಒಳ್ಳೆಯ ಹುಡುಗ, ಕುಡಿತವಿಲ್ಲ, ಜಗಳವಿಲ್ಲ. ಆದರೆ ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು ಮನೆ ಮಾಡಿಕೊಂಡಿತ್ತು, ತೊಳೆದರೆ ಹೋಗುವಂಥದ್ದಲ್ಲ. ಮಗಳು ಅವನನ್ನೇ ಇಷ್ಟಪಟ್ಟಳು. ಮದುವೆಯಾದ ಹೊಸತರಲ್ಲಿ ಅತ್ತೆ ಮನೆಗೆ ಬಂದವನು ಬಾಯಾರಿಕೆ ಎಂದು ಕುಡಿಯುವ ನೀರಿನ ಪಾತ್ರೆಗೆ ಮೊಣಕೈವರೆಗೆ ಕೈ ಅದ್ದಿ ಲೋಟ ತುಂಬಿಸಿಕೊಂಡ. ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ತೆಳು ಪೊರೆ ತೇಲಿತು. ಇಸ್ಸೀ ಅಕ್ಕ ಅವನ ಕಣ್ಣೆದುರಿಗೇ ಪಾತ್ರೆ ಎತ್ತಿಕೊಂಡು ಹೋಗಿ ಚರಂಡಿಗೆ ಸುರಿದು, ಬೂದಿ ಹಾಕಿ ತಿಕ್ಕತೊಡಗಿದಳು. ತಿಕ್ಕುವ ಸದ್ದು ಅವನು ಎದ್ದು ಹೋಗುವವರೆಗೂ ನಿಲ್ಲಲಿಲ್ಲ. ಅವತ್ತಿಂದ ಇಬ್ಬರ ನಡುವೆ ಮಾತು ಬಂದ್. ಹೇಳುವುದೇನಿದ್ದರೂ ಮಗಳ ಮೂಲಕ. ‘ನಿನ್ನ ಗಂಡನಿಗೆ ಹೇಳು, ಚಪ್ಪಲಿ ಹೊಸಿಲ ಹತ್ತಿರ ಬಿಡೋದು ಬೇಡ, ಗೇಟಿನ ಆಚೆ ಬಿಡಲಿ ಅಂತ.’ ಗಂಡ ಪಕ್ಕದಲ್ಲೇ ಕೂತಿರುತ್ತಿದ್ದ. ಗೇಟಿನ ಆಚೆ ಬಿಟ್ಟಿದ್ದ ಆ ಚಪ್ಪಲಿಯನ್ನು ಇಸ್ಸೀ ಅಕ್ಕ ದೂರದಿಂದ ನೋಡಿ ಹೇಸಿಕೊಳ್ಳುತ್ತಿದ್ದಳು. ರಬ್ಬರಿನದು, ಹಿಮ್ಮಡಿ ಸವೆದದ್ದು. ಕಿತ್ತುಹೋದ ಪಟ್ಟಿಯನ್ನು ಮಗಳು ನೀಲಿ ದಾರದಲ್ಲಿ ಹೊಲಿದುಕೊಟ್ಟಿದ್ದಳು. ಗಂಡನ ಚಪ್ಪಲಿ ಹೊಲಿಯುವ ಮಟ್ಟಕ್ಕೆ ಇಳಿದಳಲ್ಲ ಮಗಳು ಎಂದು ತಾಯಿ ಆ ದಾರ ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದಳು.

ಇನ್ನು ಆ ಕಾರ್ಖಾನೆಯ ಕರೆಂಟಿನ ಸಂಗತಿ. ಅದನ್ನು ಹೇಳಲು ಹೊರಟರೆ ನನಗೇ ವಾಕರಿಕೆ ಬರುತ್ತದೆ. ಪ್ಲಗ್ಗು ಎಂಬ ವಸ್ತುವನ್ನೇ ಅಲ್ಲಿ ಯಾರೂ ಕೊಂಡಂತಿಲ್ಲ. ವೈರಿನ ತುದಿ ಸುಲಿದು, ಸಾಕೆಟ್ಟಿನ ತೂತಿಗೆ ತುರುಕಿ, ಬೀಳದಿರಲೆಂದು ಬೆಂಕಿಕಡ್ಡಿ ಸಿಕ್ಕಿಸುತ್ತಿದ್ದರು. ವೈರು ಹರಿದ ಕಡೆ ಸೋಪಿನ ಗುಲಾಬಿ ಕಾಗದ ಸುತ್ತಿ ದಾರ ಕಟ್ಟುತ್ತಿದ್ದರು. ಫ್ಯೂಸು ಪದೇ ಪದೇ ಹೋಗುತ್ತದೆಂದು ಅದರ ಜಾಗದಲ್ಲಿ ಬೆರಳುಗಾತ್ರದ ತಂತಿ ಬಿಗಿದಿದ್ದರು. ಅದು ಕಾದು ಕಾದು ಪಿಂಗಾಣಿಗೇ ಬೆಸೆದುಕೊಂಡು, ಈಗ ಕೀಳಲೂ ಬರುತ್ತಿರಲಿಲ್ಲ. ಮೋಟರು ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಜುಮ್ ಅಂದರೆ ನಗುತ್ತಿದ್ದರು. ಏನು ಹೇಳಿದರೂ ಯಜಮಾನನ ಬಾಯಲ್ಲಿ ಒಂದೇ ಮಾತು, ‘ಇಷ್ಟು ವರ್ಷ ಏನಾಗಿದೆ? ಏನೂ ಆಗಲ್ಲ.’ ಅವನು ಕೂರುವುದು ಮುಂಬಾಗಿಲ ಕೋಣೆಯಲ್ಲಿ, ಒಣ ನೆಲದ ಮೇಲೆ, ಚರ್ಮದ ಬೂಟು ಹಾಕಿಕೊಂಡು. ಅಲ್ಲಿ ಏನೂ ಆಗುವುದಿಲ್ಲ, ಸರಿಯೇ.

ಎಲ್ಲಕ್ಕಿಂತ ದೊಡ್ಡ ಹೇಸಿಗೆ ಚಪ್ಪಲಿ ಗೋಡೆ. ಸೋಪು ಕಲಸುವ ದೊಡ್ಡ ಮಿಕ್ಸರಿನ ಹಿಂದಿನ ಗೋಡೆಯಲ್ಲಿ ಕಬ್ಬಿಣದ ಸ್ವಿಚ್ ಪೆಟ್ಟಿಗೆಗಳ ಸಾಲಿತ್ತು. ಪ್ರತಿ ಪೆಟ್ಟಿಗೆಯ ಪಕ್ಕಕ್ಕೆ ಒಂದು ಕಬ್ಬಿಣದ ಹಿಡಿಕೆ. ಮೇಲೆತ್ತಿದರೆ ಕರೆಂಟು, ಕೆಳಗಿಳಿಸಿದರೆ ಇಲ್ಲ. ಯಾವುದೋ ಕಾಲದಲ್ಲಿ ಅಲ್ಲಿದ್ದ ಮುದಿ ಎಲೆಕ್ಟ್ರಿಷಿಯನ್ ಒಂದು ಪದ್ಧತಿ ಮಾಡಿಟ್ಟಿದ್ದ. ಯಂತ್ರದ ರಿಪೇರಿಗೆ ಇಳಿಯುವವನು ಹಿಡಿಕೆ ಇಳಿಸಿ, ತನ್ನ ಒಂದು ಕಾಲಿನ ಚಪ್ಪಲಿ ಬಿಚ್ಚಿ ಅದಕ್ಕೆ ನೇತುಹಾಕಬೇಕು. ಚಪ್ಪಲಿ ಇದ್ದರೆ ಒಳಗೆ ಆಳಿದ್ದಾನೆ ಎಂದರ್ಥ. ಹಾಕಿದವನೇ ತೆಗೆಯಬೇಕು, ಬೇರೆ ಯಾರೂ ಮುಟ್ಟಬಾರದು. ಇನ್ನೊಬ್ಬನ ಚಪ್ಪಲಿಗೆ ಯಾರು ತಾನೇ ಕೈ ಹಚ್ಚುತ್ತಾರೆ ಎಂಬುದು ಮುದುಕನ ಲೆಕ್ಕ. ಮೇಲ್ನೋಟಕ್ಕೆ ಬುದ್ಧಿವಂತಿಕೆಯೇ. ಆದರೆ ಒಂದು ಕ್ಷಣ ನಿಂತು ಯೋಚಿಸಿ: ಕರೆಂಟಿನ ಕೆಲಸ ಮಾಡುವವನಿಗೆ ದೇಹ ಕಾಯಲು ಅಲ್ಲಿದ್ದ ಒಂದೇ ಒಂದು ವಸ್ತು ಕಾಲಲ್ಲಿದ್ದ ರಬ್ಬರು. ಅದನ್ನೇ ಬಿಚ್ಚಿ ಗೋಡೆಗೆ ನೇತುಹಾಕಿ, ಬರಿಗಾಲಲ್ಲಿ ಯಂತ್ರದ ಅಡಿಯ ನೀರು ನಿಂತ ಗುಂಡಿಗೆ ಇಳಿ ಅನ್ನುವ ಪದ್ಧತಿ ಅದು. ಮಂದಿಗೆ ಇದು ಹೊಳೆಯಲೇ ಇಲ್ಲ ಅನ್ನಬೇಕೋ, ಹೊಳೆದರೂ ಬೇಕಾಗಿರಲಿಲ್ಲ ಅನ್ನಬೇಕೋ, ನನಗಂತೂ ಗೊತ್ತಾಗುವುದಿಲ್ಲ.

ಅಳಿಯನಿಗೆ ಹೊಳೆದಿತ್ತು. ಹೊಳೆದು ಅವನು ಮಾಡಿಕೊಂಡ ಉಪಾಯವೋ, ದೇವರಿಗೇ ಪ್ರೀತಿ. ಚಪ್ಪಲಿ ಇದ್ದ ಕಾಲ ಮೇಲೆ ಭಾರ ಬಿಟ್ಟು, ಬರಿಗಾಲನ್ನು ಮಡಚಿ ಇನ್ನೊಂದು ಮೊಣಕಾಲಿಗೆ ಆನಿಸಿ, ಒಂಟಿಕಾಲಲ್ಲಿ ನಿಂತು ಕೆಲಸ ಮಾಡುವುದು. ಅದಕ್ಕೇ ಅವನಿಗೆ ಕೊಕ್ಕರೆ ಎಂಬ ಹೆಸರು ಬಿತ್ತು. ‘ಕೊಕ್ಕರೆ ಗುಂಡೀಲಿ ಮೀನು ಹಿಡೀತಿದೆ’ ಎಂದು ಜನ ಮೇಲಿಂದ ಬಗ್ಗಿ ನೋಡಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಒಂದೆರಡು ಸಲ ಯಜಮಾನನ ಹತ್ತಿರ ಹೋಗಿ ಸ್ವಿಚ್ಚಿಗೆ ಹಾಕಲು ಬೀಗ ಕೊಡಿಸಿ ಎಂದು ಕೇಳಿದ್ದುಂಟು. ಸ್ವಿಚ್ಚನ್ನು ಯಾವ ಕಳ್ಳ ಕದಿಯುತ್ತಾನಯ್ಯ ಎಂದು ಯಜಮಾನ ಹೊಟ್ಟೆ ಕುಣಿಸಿ ನಕ್ಕನಂತೆ.

ಹೋಗಲಿ, ಆ ಪದ್ಧತಿಯನ್ನಾದರೂ ನೆಟ್ಟಗೆ ಉಳಿಸಿಕೊಂಡರೇ? ಇಲ್ಲ. ಚಪ್ಪಲಿ ತೂಗಿದರೆ ಯಂತ್ರ ನಿಲ್ಲುತ್ತದೆ ಎಂದು ಗೊತ್ತಾದದ್ದೇ ತಡ, ಮೈಗಳ್ಳರಿಗೆ ಹಬ್ಬವಾಯಿತು. ಚಹಾ ಸ್ವಲ್ಪ ಹೊತ್ತು ಕುಡಿಯಬೇಕು ಅನಿಸಿದರೆ ಒಂದು ಹಳೆ ಚಪ್ಪಲಿ ಹಿಡಿಕೆಗೆ ಬೀಳುತ್ತಿತ್ತು. ಕೆಲಸ ಬಿಟ್ಟು ಹೋದವರ ಚಪ್ಪಲಿ, ಜೋಡಿ ಕಳೆದುಕೊಂಡ ಚಪ್ಪಲಿ, ತಿಪ್ಪೆಯಿಂದ ಹೆಕ್ಕಿ ತಂದ ಚಪ್ಪಲಿ, ಎಲ್ಲ ಬಂದು ಗೋಡೆ ಸೇರಿದವು. ಯಂತ್ರ ಓಡಿಸಲೇಬೇಕಾದಾಗ ಮಿಕ್ಸರಿನವನು ಕೋಲಿನಿಂದ ಅವನ್ನು ಪಕ್ಕದ ಮೊಳೆಗೆ ಸರಿಸುತ್ತಿದ್ದ. ಸರಿಸುವ ಮುಂಚೆ ಸುತ್ತ ನೋಡಿ, ‘ಇದು ಜೀವ ಇರೋ ಚಪ್ಪಲೀನೋ, ಸತ್ತ ಚಪ್ಪಲೀನೋ?’ ಎಂದು ಕೂಗುವುದು ಒಂದು ತಮಾಷೆ. ಹೊರಗಿನಿಂದ ಬಂದವರು ನೋಡಿದರೆ ಚಪ್ಪಲಿ ಅಂಗಡಿ ಸುಟ್ಟುಹೋಗಿದೆ ಅಂದುಕೊಳ್ಳಬೇಕು, ಹಾಗಿತ್ತು ಗೋಡೆ. ಇಸ್ಸೀ ಅಕ್ಕ ದಿನಕ್ಕೆ ಹತ್ತು ಸಲ ಅದರ ಮುಂದೆ ಹಾಯುತ್ತಿದ್ದಳು, ಹತ್ತು ಸಲವೂ ಮೂಗಿಗೆ ಬಟ್ಟೆ ಏರುತ್ತಿತ್ತು.

ಒಂದು ಬೆಳಿಗ್ಗೆ ಯಜಮಾನ ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒಳಗೆ ಬಂದ. ದೊಡ್ಡ ಅಂಗಡಿಯವರು ಸೋಪು ಕೊಳ್ಳುವ ಮುಂಚೆ ಕಾರ್ಖಾನೆ ನೋಡಲು ಬರುವವರಿದ್ದರು. ಗೋಡೆ ಕಂಡವನೇ ಇದೇನು ದರಿದ್ರ, ಬಂದವರು ವಾಂತಿ ಮಾಡಿಕೊಂಡಾರು, ಎಲ್ಲ ಕಿತ್ತು ಬಿಸಾಡಿ ಎಂದು ಇಸ್ಸೀ ಅಕ್ಕನಿಗೆ ಅಪ್ಪಣೆ ಕೊಟ್ಟು ಹೋದ. ಅವಳಿಗೆ ಇದಕ್ಕಿಂತ ಖುಷಿಯ ಅಪ್ಪಣೆ ಬೇರೆ ಇರಲಿಲ್ಲ. ಎಷ್ಟೋ ವರ್ಷದಿಂದ ಕೈ ತುರಿಸುತ್ತಿತ್ತು.

ಆದರೂ ಅವಳು ದಡ್ಡಿ ಅಲ್ಲ. ಚಪ್ಪಲಿಗೆ ಅರ್ಥವಿದೆ ಎಂದು ಅವಳಿಗೂ ಗೊತ್ತು. ಮಿಕ್ಸರಿನ ಹಿಡಿಕೆಯ ಮೇಲೂ ಚಪ್ಪಲಿ ಇತ್ತು. ಮಿಕ್ಸರಿನ ಮೋಟರು ಇರುವುದು ಅದರ ಅಡಿಯ ಗುಂಡಿಯಲ್ಲಿ. ಸೋರಿದ ಕೊಬ್ಬೆಲ್ಲ ಇಳಿದು ಕೊಳೆಯುವ ಜಾಗ, ಇಡೀ ಕಾರ್ಖಾನೆಯಲ್ಲಿ ಅವಳು ಕಾಲಿಡದಿದ್ದ ಜಾಗ ಅದೊಂದೇ. ನಾಲ್ಕು ಹೆಜ್ಜೆ ಹೋಗಿ ಬಗ್ಗಿ ನೋಡಿದ್ದರೆ ಮುಗಿಯುತ್ತಿತ್ತು. ಹೊರಟಳು ಕೂಡ. ಅಷ್ಟರಲ್ಲಿ ಆ ನಾತ ಬಂದು ಮುಖಕ್ಕೆ ರಾಚಿತು. ಮೂಗಿಗೆ ಬಾಯಿಗೆ ಬಟ್ಟೆ ಒತ್ತಿ ಹಿಡಿದು ನಿಂತಲ್ಲಿಂದಲೇ ಕೂಗಿದಳು.

‘ಯಾರಾದ್ರೂ ಇದೀರಾ ಒಳಗೆ?’

ಬಟ್ಟೆಯೊಳಗಿಂದ ಬಂದ ಕೂಗು, ಸುತ್ತ ಬೇರೆ ಯಂತ್ರಗಳ ಗದ್ದಲ. ಉತ್ತರ ಬರಲಿಲ್ಲ. ಸತ್ತ ಚಪ್ಪಲಿಗಳೇ ಇರಬೇಕು ಅಂದುಕೊಂಡಳು. ಪೊರಕೆ ಹಿಡಿಯಿಂದ ಒಂದೊಂದನ್ನೇ ಎಬ್ಬಿಸಿ, ಮೊರದ ಹಾಗಿದ್ದ ಕಸದ ತಟ್ಟೆಗೆ ಬೀಳಿಸಿದಳು. ಮಿಕ್ಸರಿನ ಹಿಡಿಕೆಯದ್ದೂ ಬಿತ್ತು. ಒದ್ದೆ ಬಟ್ಟೆಯಿಂದ ಗೋಡೆ ಒರೆಸಿದಳು. ಗೋಡೆಗೆ ಬಣ್ಣವಿತ್ತು ಎಂದು ಆವತ್ತು ಮೊದಲ ಸಲ ಗೊತ್ತಾಯಿತು. ಅವಳು ಹಿಂದೆ ಸರಿದು ನೋಡಿ, ಎಷ್ಟು ಚೆಂದ ಅಂದುಕೊಂಡಳು.

ಕಸದ ತಟ್ಟೆ ಹೊತ್ತು ಹಿಂಬಾಗಿಲಿನ ಕಡೆ ಹೋದಳು. ತೊಟ್ಟಿಗೆ ಸುರಿಯಲು ಬಗ್ಗಿದಾಗ ಬೆಳಕು ತಟ್ಟೆಯ ಮೇಲೆ ಬಿತ್ತು. ಮೇಲ್ಗಡೆ ಒಂದು ರಬ್ಬರ್ ಚಪ್ಪಲಿ. ಹಿಮ್ಮಡಿ ಸವೆದದ್ದು. ಪಟ್ಟಿಗೆ ನೀಲಿ ದಾರದ ಹೊಲಿಗೆ. ಒಳಗಡೆ ಕಾಲಿನ ಅಚ್ಚು ಇನ್ನೂ ಒದ್ದೆಯಾಗಿತ್ತು.

ಅಷ್ಟರಲ್ಲಿ ಅತ್ತ ಮಿಕ್ಸರಿನವನು ಚಹಾ ಮುಗಿಸಿ ಬಂದಿದ್ದ. ನೋಡಲು ಬಂದವರು ಗೇಟಿನ ಹತ್ತಿರ ಇದ್ದಾರೆ, ಎಲ್ಲ ಯಂತ್ರ ಓಡುತ್ತಿರಬೇಕು ಎಂದು ಮುಂಬಾಗಿಲಿಂದ ಕೂಗು ಬಂತು. ಅವನು ಗೋಡೆ ನೋಡಿದ. ಚಪ್ಪಲಿ ಇಲ್ಲ. ಹಿಡಿಕೆ ಮೇಲೆತ್ತಿದ.

ಗುಂಡಿಯೊಳಗಿನಿಂದ ಬಂದದ್ದು ಮನುಷ್ಯರ ಸ್ವರದ ಹಾಗಿರಲಿಲ್ಲ. ಮಿಕ್ಸರಿನವನು ಏನು ಮಾಡಬೇಕಿತ್ತು? ಎತ್ತಿದ ಕೈಯಲ್ಲೇ ಇಳಿಸಬೇಕಿತ್ತು. ಅವನು ಓಡಿದ. ಹಿಡಿಕೆಯನ್ನು ಹಾಗೇ ಬಿಟ್ಟು, ಬಾಯಿಗೆ ಕೈ ಇಟ್ಟುಕೊಂಡು, ಹೊರಗೆ ಓಡಿದ. ಇನ್ನಿಬ್ಬರು ಗುಂಡಿಯ ಕಡೆಗೆ ಓಡಿ, ಹಿಡಿದು ಎಳೆಯಲು ಕೈ ಚಾಚಿದ್ದರು. ಅವರು ಮುಟ್ಟಿದ್ದರೆ ಮೂರು ಹೆಣ ಎಣಿಸಬೇಕಿತ್ತು. ಇಸ್ಸೀ ಅಕ್ಕ ಕಸದ ತಟ್ಟೆ ಸಮೇತ ಓಡಿ ಬಂದಳು. ಮುಟ್ಟಬೇಡಿ ಎಂದು ಅವಳು ಕಿರುಚಿದ್ದು ಈಗ ಯಾವ ಬಟ್ಟೆಯ ಅಡ್ಡಿಯೂ ಇಲ್ಲದೆ ಕೇಳಿಸಿತು. ಅವಳ ಕೈ ಒದ್ದೆ, ಹಿಡಿಕೆ ಬರೀ ಕಬ್ಬಿಣ, ಅದನ್ನೂ ಈಗಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿದ್ದವಳು ಅವಳೇ. ತಟ್ಟೆಯಿಂದ ಕೈಗೆ ಸಿಕ್ಕ ಚಪ್ಪಲಿ ಎತ್ತಿಕೊಂಡಳು. ಯಾವ ಕಾಲದ್ದೋ, ಯಾರದ್ದೋ, ತಿಪ್ಪೆಯದ್ದೋ. ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಡಿಕೆಗೆ ಬಾರಿಸಿದಳು. ಒಂದೇಟಿಗೆ ಇಳಿಯಲಿಲ್ಲ. ಎರಡನೇ ಏಟಿಗೆ ಇಳಿಯಿತು. ಆಮೇಲೆ ಗುಂಡಿಗೆ ಇಳಿದು, ಕೊಳೆತ ಕೊಬ್ಬಿನಲ್ಲಿ ಮೊಣಕಾಲೂರಿದಳು. ಅಳಿಯ ಮಗ್ಗುಲಾಗಿ ಬಿದ್ದಿದ್ದ. ಬಲಗೈ ಅಂಗೈಯಿಂದ ಸುಟ್ಟ ವಾಸನೆ ಬರುತ್ತಿತ್ತು. ಉಸಿರಿತ್ತು.

ನೋಡಲು ಬಂದವರಿಗೆ ಏನು ಹೇಳಿದರು ಗೊತ್ತೇ? ಒಂದು ಬಲ್ಬು ಒಡೆಯಿತು ಅಂದರು. ಅಳಿಯನನ್ನು ಹಿಂಬಾಗಿಲಿನಿಂದ ಸಾಗಿಸಿದರು, ಅವರನ್ನು ಮುಂಬಾಗಿಲಿನಿಂದ ಕರೆತಂದರು. ಅವರು ಒರೆಸಿದ ಗೋಡೆ ನೋಡಿ ಮೆಚ್ಚಿಕೊಂಡರು. ಗುಲಾಬಿ ಕಾಗದದ ಸೋಪನ್ನು ಮೂಸಿ, ಆಹಾ ಎಂದು ಹೊರಟರು. ಥೂ.

ಆಸ್ಪತ್ರೆಯ ಬೆಂಚಿನ ಮೇಲೆ ಇಸ್ಸೀ ಅಕ್ಕ ಕಾಲು ತೊಳೆಯದೆ ಕೂತಿದ್ದಳು. ಕೊಬ್ಬು ಒಣಗಿ ಚರ್ಮ ಬಿಗಿಯುತ್ತಿತ್ತು. ಹಾದುಹೋಗುವವರು ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದರು. ಮಗಳು ಬಂದವಳು ಅಮ್ಮನ ಪಕ್ಕ ಕೂರಲಿಲ್ಲ, ಎದುರಿನ ಗೋಡೆಗೆ ಒರಗಿ ನಿಂತಳು. ಯಾರೋ ಆಗಲೇ ಎಲ್ಲ ಹೇಳಿದ್ದರು. ಯಜಮಾನ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಕೆಳಗಿಂದಲೇ ಹೇಳಿಕಳಿಸಿದ್ದು ಏನೆಂದರೆ, ತಾನು ಗೋಡೆ ಚೊಕ್ಕ ಮಾಡಲು ಹೇಳಿದ್ದೇ ಹೊರತು ಜೀವ ಇರುವ ಚಪ್ಪಲಿ ತೆಗೆ ಎಂದಿರಲಿಲ್ಲ. ಮಿಕ್ಸರಿನವನು ಅಳುತ್ತಾ ಬಂದು, ಚಪ್ಪಲಿ ಇರಲಿಲ್ಲ ಅದಕ್ಕೇ ಹಿಡಿಕೆ ಎತ್ತಿದೆ, ನನ್ನದೇನು ತಪ್ಪು ಎಂದ. ಇಸ್ಸೀ ಅಕ್ಕನೂ ಕೂಗಿಯೇ ತೆಗೆದಿದ್ದಳು. ನೋಡಿದರೆ ಎಲ್ಲರದ್ದೂ ಸರಿ. ಒಬ್ಬನ ಅಂಗೈ ಮಾತ್ರ ಬೆಂದುಹೋಗಿತ್ತು.

ಮಾತಾಡುವಷ್ಟು ಚೇತರಿಸಿಕೊಂಡ ದಿನ ಅಳಿಯ ಹೇಳಿದ್ದು ಹೆಂಡತಿಗೆ, ಅತ್ತೆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. ಆವತ್ತು ಸ್ಪ್ಯಾನರು ಜಾರಿತ್ತಂತೆ, ಹೆಕ್ಕಿಕೊಳ್ಳಲೆಂದು ಮಡಚಿದ ಕಾಲನ್ನು ಕೆಳಗೆ ಇಟ್ಟಿದ್ದನಂತೆ, ಆಗಲೇ ಕರೆಂಟು ಬಂದದ್ದು. ಮಗಳು ಮೆಲ್ಲಗೆ, ಅಮ್ಮ ಕೂಗಿದ್ದು ನಿನಗೆ ಕೇಳಿಸಲೇ ಇಲ್ಲವಾ ಎಂದು ಕೇಳಿದಳು.

‘ಕೇಳಿಸ್ತು’ ಎಂದ ಅವನು. ‘ಅತ್ತೆ ಯಾರನ್ನೋ ಬೈತಿದಾರೆ ಅಂದ್ಕೊಂಡೆ. ದಿನಾ ಬೈತಾರಲ್ಲ.’

ಇಸ್ಸೀ ಅಕ್ಕ ಹೊರಗೆ ಬಂದು ಆಸ್ಪತ್ರೆಯ ನಲ್ಲಿಯ ಹತ್ತಿರ ನಿಂತು ವಾಂತಿ ಮಾಡಿಕೊಂಡಳು. ಹುಟ್ಟಿದಾಗಿನಿಂದ ಅವಳಿಗೆ ಬೇರೆಯವರ ಕೊಳೆ ಕಂಡು ಹೇಸಿಗೆಯಾಗುತ್ತಿತ್ತು. ಈ ಸಲದ್ದು ಬೇರೆ. ನಾಲ್ಕು ಹೆಜ್ಜೆ. ಮೂಗಿಗೆ ಹೆದರಿ ನಾಲ್ಕು ಹೆಜ್ಜೆ ಇಡದೆ ಹೋದೆನಲ್ಲ ಎಂದು ತನ್ನ ಮೇಲೇ ಅಸಹ್ಯ ಉಕ್ಕಿ ಬರುತ್ತಿತ್ತು, ಅದನ್ನು ತೊಳೆಯಲು ಯಾವ ನೀರೂ ಸಾಲುವಂತಿರಲಿಲ್ಲ.

ಅವಳು ಕೆಲಸಕ್ಕೆ ವಾಪಸು ಹೋದಾಗ ಗೋಡೆಯ ಮೇಲೆ ಆಗಲೇ ಚಪ್ಪಲಿಗಳು ಬಂದು ಕೂತಿದ್ದವು. ಹೌದು, ಮತ್ತೆ. ಒಬ್ಬ ಸಾಯುವುದು ಸ್ವಲ್ಪದರಲ್ಲಿ ತಪ್ಪಿದ ಮೇಲೆ ಈ ಜನ ಕಲಿತ ಪಾಠ ಇಷ್ಟೇ: ಇನ್ನು ಮುಂದೆ ಇಸ್ಸೀ ಅಕ್ಕನ ಕೈಗೆ ಚಪ್ಪಲಿ ಸಿಗಬಾರದು. ಅದಕ್ಕೆ ತಂತಿಯಿಂದ ಕಟ್ಟಿದ್ದರು. ಮಿಕ್ಸರಿನವನು ಅವಳನ್ನು ಕಂಡು ತಲೆ ತಗ್ಗಿಸಿದ. ಆದರೂ ಅವನ ಚಹಾದ ಚಪ್ಪಲಿ ಅಲ್ಲೇ ತೂಗುತ್ತಿತ್ತು. ನಾಯಿ ಬಾಲ ಡೊಂಕು ಅನ್ನುತ್ತಾರೆ, ಪಾಪ, ನಾಯಿಯ ಬಾಲ ಯಾರ ಜೀವವನ್ನೂ ತೆಗೆಯುವುದಿಲ್ಲ.

ಅವಳು ಮುಂದೆ ಹೋಗಿ ಮಿಕ್ಸರಿನ ಸ್ವಿಚ್ ಪೆಟ್ಟಿಗೆಯನ್ನು ಹತ್ತಿರದಿಂದ ನೋಡಿದಳು. ಅಷ್ಟು ವರ್ಷ ಗೋಡೆ ನೋಡಿದ್ದಳೇ ಹೊರತು ಪೆಟ್ಟಿಗೆ ನೋಡಿರಲಿಲ್ಲ. ಹಿಡಿಕೆಯ ಬುಡದಲ್ಲಿ ಕೊಬ್ಬು ಗಟ್ಟಿಯಾಗಿ, ಅದರ ಮೇಲೆ ಬಣ್ಣ ಬಳಿದು, ಮತ್ತೆ ಕೊಬ್ಬು ಕೂತು, ಗಂಟಾಗಿತ್ತು. ಯಂತ್ರ ನಿಂತಿದ್ದ ಹೊತ್ತು ನೋಡಿ, ಒಣಕಡ್ಡಿಯಿಂದ ಅದನ್ನು ಕೆರೆಯಲು ಶುರುಮಾಡಿದಳು. ಕೆರೆದಂತೆಲ್ಲ ಒಂದು ತೂತು ಕಂಡಿತು. ಹಿಡಿಕೆ ಪೂರ್ತಿ ಇಳಿದಾಗ ಆ ತೂತು ಪೆಟ್ಟಿಗೆಯ ಬದಿಗೆ ಕಿವಿಯಂತೆ ಚಾಚಿದ್ದ ತಗಡಿನ ತೂತಿಗೆ ಸರಿಯಾಗಿ ಕೂರುತ್ತಿತ್ತು. ಬೀಗ ಹಾಕಲೆಂದೇ ಇಟ್ಟದ್ದು, ಪೆಟ್ಟಿಗೆ ಬಂದ ದಿನದಿಂದಲೂ ಅಲ್ಲೇ ಇದ್ದದ್ದು. ಅಳಿಯ ಬೀಗ ಕೇಳಿದ್ದು ಇದಕ್ಕೆ. ಆ ಮಾತು ಮಗಳ ಮೂಲಕ ಅವಳ ಕಿವಿಗೂ ಬಿದ್ದಿತ್ತು, ಆಗ ಅವಳು, ಮೊದಲು ಉಗುರು ತೊಳೆದುಕೊಳ್ಳಲಿ ಅಂದಿದ್ದಳು.

ಮರುದಿನ ಅವಳು ಕೆಲಸಕ್ಕೆ ಹೊರಟಾಗ ಮನೆಯ ಬಾಗಿಲಿಗೆ ಬೀಗ ಇರಲಿಲ್ಲ. ಚಿಲಕ ಮಾತ್ರ ಎಳೆದು, ಜಗ್ಗದೆ, ತಿರುಗಿ ನೋಡದೆ ನಡೆದಳು. ಹಿತ್ತಾಳೆ ಬೀಗ ಚೀಲದಲ್ಲಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವವರು ಅನ್ನಲಿ. ತಂತಿ ಬಿಚ್ಚಿ ಚಪ್ಪಲಿಗಳನ್ನು ಮತ್ತೆ ಕಿತ್ತಳು, ಈ ಸಲ ಬರಿಗೈಯಲ್ಲಿ. ಕೀಳುವ ಮುಂಚೆ ಒಂದೊಂದು ಯಂತ್ರದ ಹತ್ತಿರ ಹೋಗಿ, ಬಗ್ಗಿ, ಒಳಗೆ ಕಣ್ಣಾಡಿಸಿ ಬಂದಳು. ಸುದ್ದಿ ತಿಳಿದು ಯಜಮಾನ ಬಂದ. ಅವಳ ಕೈಯಲ್ಲಿ ಚಪ್ಪಲಿ, ಎದುರಿಗೆ ಅವನು, ಸುತ್ತ ಜನ. ಎಲ್ಲರೂ ಏನು ಆಗುತ್ತದೆ ಅಂದುಕೊಂಡರೋ ಅದು ಆಗಲಿ ಎಂದು ಅರ್ಧ ಜನ ಬಯಸಿದ್ದಂತೂ ನಿಜ. ಚಪ್ಪಲಿ ಕೈಯಲ್ಲಿರುವ ಹೆಂಗಸಿನ ಎದುರು ಅವನೂ ಒಂದು ಹೆಜ್ಜೆ ಹಿಂದೆ ಸರಿದ. ದೂರದಿಂದಲೇ, ಇದೆಲ್ಲ ಯಾರನ್ನು ಕೇಳಿ ಮಾಡುತ್ತಿದ್ದೀಯ ಎಂದ.

‘ಯಾರನ್ನೂ ಕೇಳಿಲ್ಲ’ ಎಂದಳು ಇಸ್ಸೀ ಅಕ್ಕ. ‘ನನ್ನ ಮನೆ ಬೀಗ. ಗುಂಡಿಗೆ ಇಳಿಯೋನು ಹಾಕ್ಕೊಂಡು ಇಳೀತಾನೆ, ಕೀಲಿ ಅವನ ಜೇಬಲ್ಲಿರುತ್ತೆ. ಬೇಡ ಅನ್ನೋದಾದ್ರೆ ಹೇಳಿ, ನೀವೇ ಒಂದ್ಸಲ ಇಳೀರಿ. ಹೊರಗಡೆ ಚಪ್ಪಲಿ ನಾನು ಕಾಯ್ತೀನಿ.’

ಯಾರೋ ಕಿಸಕ್ಕೆಂದರು. ಯಜಮಾನ ಬೂಟಿನ ಪ್ಲಾಸ್ಟಿಕ್ ಚೀಲ ಸರಿಮಾಡಿಕೊಳ್ಳುತ್ತಾ, ಮಾಡಿಕೊಂಡು ಸಾಯಿರಿ ಎಂದು ಹೋದ. ಒಪ್ಪಿಗೆಯನ್ನು ಕೂಡ ನೆಟ್ಟಗೆ ಕೊಡಲು ಬಾರದ ಮನುಷ್ಯ. ಬಾಕಿ ಪೆಟ್ಟಿಗೆಗಳ ಬುಡವನ್ನೂ ಅವಳು ಕೆರೆದಳು. ಅವಕ್ಕೆಲ್ಲ ಬೀಗ ಒದಗಿಬರಲು ಬಹಳ ಕಾಲ ಹಿಡಿಯಿತು, ಬಿಡಿ.

ಅಳಿಯ ಕೆಲಸಕ್ಕೆ ಬಂದದ್ದು ಗಾಯಗಳೆಲ್ಲ ಒಣಗಿ, ಚರ್ಮ ಹೊಳೆಯುವ ಹಾಗಾದ ಮೇಲೆ. ಬಂದ ದಿನವೇ, ರಿಪೇರಿ ಅರ್ಧಕ್ಕೆ ನಿಂತು ಹೇಗೋ ಓಡುತ್ತಿದ್ದ ಮಿಕ್ಸರಿನ ಮೋಟರಿನ ಕೆಲಸಕ್ಕೆ ಇಳಿಯಬೇಕಾಗಿ ಬಂತು. ಅವನು ಗೋಡೆಯ ಹತ್ತಿರ ಬಂದು ಹಿಡಿಕೆ ಇಳಿಸಿ, ಅಭ್ಯಾಸದಂತೆ ಚಪ್ಪಲಿ ಬಿಚ್ಚಲು ಬಗ್ಗಿದ. ಇಸ್ಸೀ ಅಕ್ಕ ಅವನ ಮುಂದೆ ಬೀಗ ಹಿಡಿದಳು. ಎರಡೂ ಕೀಲಿಗಳನ್ನು ಒಂದೇ ದಾರಕ್ಕೆ ಪೋಣಿಸಿದ್ದಳು, ನೀಲಿ ದಾರ. ಅವನು ಬೀಗ ನೋಡಿದ, ಅದು ಯಾವ ಬಾಗಿಲಿನದ್ದೆಂದು ಗುರುತು ಹಿಡಿದ. ಗೇಟಿನ ಆಚೆ ಚಪ್ಪಲಿ ಬಿಟ್ಟು ಅದೆಷ್ಟು ಸಲ ಅದರ ಮುಂದೆ ಕಾದು ನಿಂತವನಲ್ಲವೇ.

ಬೀಗವನ್ನು ತೂತಿಗೆ ತೂರಿಸಿದ. ಕೀಲಿ ಹಾಕಿ ಬಲಗೈಯಿಂದ ತಿರುಗಿಸಲು ಹೋದ. ಹೆಬ್ಬೆರಳು ಬಂತು, ಪಕ್ಕದ ಬೆರಳುಗಳು ಬರಲಿಲ್ಲ. ಅವು ಮಡಚುವುದನ್ನು ಮರೆತಿದ್ದವು. ಇನ್ನೊಮ್ಮೆ ಪ್ರಯತ್ನಿಸಿದ. ಕೀಲಿ ಕೈಯಿಂದ ಜಾರಿ ನೆಲದ ಜಿಡ್ಡಿನಲ್ಲಿ ಬಿತ್ತು. ಅವನು ಯಾರನ್ನೂ ನೋಡದೆ ತನ್ನ ಕೈಯನ್ನೇ ನೋಡುತ್ತಾ ನಿಂತ.

ಇಸ್ಸೀ ಅಕ್ಕ ಬಗ್ಗಿ ಜಿಡ್ಡಿನಲ್ಲಿ ಕೈಯಾಡಿಸಿ ಕೀಲಿ ಹುಡುಕಿದಳು. ಕುತ್ತಿಗೆಯ ಬಿಳಿ ಬಟ್ಟೆ ಎಳೆದು, ಅದರಲ್ಲಿ ಕೀಲಿಯನ್ನು ಒರೆಸಿದಳು, ಹಲ್ಲಿನ ಸಂದಿ ಬಿಡದೆ. ಬಟ್ಟೆಯ ಮೇಲೆ ಕಪ್ಪು ಉಳಿಯಿತು. ಅವನ ಎಡಗೈ ಹಿಡಿದು ಅದರಲ್ಲಿ ಕೀಲಿ ಇಟ್ಟಳು.

‘ಈ ಕೈಯಲ್ಲಿ ಹಾಕು, ಅಪ್ಪ’ ಎಂದಳು. ಮಗಳು ಅಲ್ಲಿರಲಿಲ್ಲ, ಹೇಳಿದ್ದು ಅವನಿಗೇ.

ಅವನು ಎಡಗೈಯಲ್ಲಿ ಬೀಗ ಹಾಕಿ, ಜಗ್ಗಿ ನೋಡಿ, ಕೀಲಿ ಜೇಬಿಗಿಟ್ಟುಕೊಂಡು ಎರಡೂ ಕಾಲಲ್ಲಿ ಚಪ್ಪಲಿ ಮೆಟ್ಟಿ ಗುಂಡಿಗೆ ಇಳಿದ. ಕೆಲಸ ಮುಗಿಯುವವರೆಗೂ ಅವಳು ಗುಂಡಿಯ ಅಂಚಿನಲ್ಲಿ, ಆ ನಾತದಲ್ಲಿ, ಮೂಗು ಮುಚ್ಚದೆ ನಿಂತಿದ್ದಳು. ಕೆಳಗೆ ಅವನು ಅಷ್ಟು ಹೊತ್ತೂ ಒಂಟಿಕಾಲಲ್ಲೇ ನಿಂತಿದ್ದ. ಎರಡು ಕಾಲೂ ಊರಬಹುದು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ, ಆದರೂ ಆ ಕಾಲು ಕೆಳಗೆ ಬರಲು ಒಪ್ಪಲಿಲ್ಲ.